ಗಾಳೆವ್ವನ ದಿನ್ನಿ

ಒಬ್ಬ ಅವ್ವನನ್ನು ದೆವ್ವ ಮಾಡಿ ರಸ್ತೆಬದಿಯಲ್ಲಿ ನಿಲ್ಲಿಸಿದ್ದಾರೆ. ಕಲ್ಲಗನೂರಿಗೂ ಮುದೇನಕೊಪ್ಪಕ್ಕೂ ನಡುವೆ, ಹಳೆಯ ಹೆದ್ದಾರಿ ಏರಿ ಇಳಿಯುವ ಕಡೆ, ಈಚೆಗೆ ನೆಟ್ಟ ಹಸಿರು ಫಲಕದ ಮೇಲೆ ‘ಗಾಳಿದೆವ್ವನ ದಿನ್ನಿ’ ಎಂದು ಬರೆದಿದೆ. ಆ ಜಾಗದ ಹೆಸರು ಅದಲ್ಲ. ಅದರ ಹೆಸರು ಗಾಳೆವ್ವನ ದಿನ್ನಿ. ನಡುವೆ ಒಂದು ‘ದೆ’ ತುರುಕಿದ್ದಕ್ಕೆ ಒಬ್ಬ ಹೆಂಗಸಿನ ಬಾಳೆಲ್ಲ ತಿರುವುಮುರುವಾಯಿತು. ಬರೆದವನಿಗೆ ಗೊತ್ತಿರಲಿಲ್ಲ, ಬರೆಸಿದವನು ಯಾರನ್ನೂ ಕೇಳಲಿಲ್ಲ, ಗೊತ್ತಿದ್ದವರು ಓದಿ ಸುಮ್ಮನೆ ಮನೆಗೆ ಹೋದರು. ಈ ಮೂವರಲ್ಲಿ ದೊಡ್ಡ ತಪ್ಪು ಸುಮ್ಮನೆ ಮನೆಗೆ ಹೋದವರದು.

ದಿನ್ನಿ ಎಂದರೆ ದೊಡ್ಡ ಬೆಟ್ಟವೇನಲ್ಲ. ಕೆಂಪು ಮಣ್ಣಿನ ಏರು, ಅದರ ಎರಡೂ ಮಗ್ಗುಲಿಗೆ ಯಾರೋ ಇಳಿಸಿಟ್ಟು ಮರೆತು ಹೋದ ಮೂಟೆಗಳಂಥ ಬಂಡೆಗಳು, ಬಂಡೆಗಳ ಸಂದಿಯಲ್ಲಿ ಕಾರೆಯ ಮುಳ್ಳು. ಹೊಸ ರಸ್ತೆ ದೂರದಿಂದ ಬಳಸಿಕೊಂಡು ಹೋದ ಮೇಲೆ ಇಲ್ಲಿ ಕಲ್ಲುಗಣಿಯ ಲಾರಿಗಳು, ಕುರಿಹಿಂಡು, ದಾರಿ ತಪ್ಪಿದ ಕಾರು ಬಿಟ್ಟರೆ ಸಂಚಾರವಿಲ್ಲ. ಏರಿನ ನೆತ್ತಿಯಲ್ಲಿ ಒಂದು ಹಳೆಯ ಪೆಟ್ರೋಲ್ ಬಂಕು ನಿಂತಿದೆ. ಹಾಳುಬಿದ್ದದ್ದು ಎನ್ನುತ್ತಾರೆ. ಹೋಗಿ ನೋಡಿದವರಿಗೆ ಆ ಮಾತು ಬಾಯಿಗೆ ಬರುವುದು ಕಷ್ಟ. ಅದರ ಚಾವಣಿ ಒಂದೇ ಕಂಬದ ಮೇಲೆ ರೆಕ್ಕೆ ಬಿಚ್ಚಿದ ಹಾಗೆ ರಸ್ತೆಯತ್ತ ಚಾಚಿಕೊಂಡಿದೆ. ಇಷ್ಟು ಬಿಸಿಲು ಮಳೆ ತಿಂದರೂ ಒಂದು ಬಿರುಕು ಬಿಟ್ಟಿಲ್ಲ. ಪಕ್ಕದಲ್ಲಿ ದುಂಡು ಮೂಲೆಗಳ ಕೋಣೆ; ಕಿಟಕಿಯ ಗಾಜು ಹೋಗಿದೆ, ಗಾರೆಯವನ ಕೈಯ ನುಣುಪು ಹೋಗಿಲ್ಲ. ಗಾಡಿ ಹತ್ತಿಸಿ ಅದರ ಅಡಿಗೆ ಗ್ರೀಸ್ ಹಚ್ಚುತ್ತಿದ್ದ ಕಲ್ಲಿನ ಇಳಿಜಾರು ಇನ್ನೂ ಹಾಗೇ ಇದೆ. ಕಲ್ಲಿಗೆ ಕಲ್ಲು ಕೂಡಿದ ಕಡೆ ಚಾಕುವಿನ ಮೊನೆ ಹೋಗುವುದಿಲ್ಲ. ಎರಡು ಪಂಪುಗಳ ಹೊಟ್ಟೆಯೊಳಗೆ ಗುಬ್ಬಿಗಳು ಸಂಸಾರ ಹೂಡಿವೆ. ಹಿಂದಿನ ಗೋಡೆಯ ಮೇಲೆ ಆಳೆತ್ತರದ ಕೆಂಪು ಅಕ್ಷರದಲ್ಲಿ ಒಂದೇ ಪದ: ಗಾಳಿ. ಅದರ ಮುಂದೆ ಗೋಡೆ ಉದ್ದಕ್ಕೂ ಖಾಲಿ.

ಆ ಕೆಂಪು ಪದವೇ ಈಗಿನ ಅನಾಹುತದ ಮೂಲ. ನಮ್ಮ ಸೀಮೆಯಲ್ಲಿ ಗಾಳಿ ಎಂದರೆ ಬೀಸುವ ಗಾಳಿ, ಚಕ್ರಕ್ಕೆ ತುಂಬುವ ಗಾಳಿ, ಮೈಮೇಲೆ ಬರುವ ಗಾಳಿಯೂ ಹೌದು. ಮೊಬೈಲ್ ಹಿಡಿದು ಬಂದ ಹುಡುಗರು ಮೊದಲಿನ ಎರಡನ್ನು ಬಿಟ್ಟು ಮೂರನೆಯದನ್ನು ಹಿಡಿದುಕೊಂಡರು. ಬಣ್ಣವನ್ನು ರಕ್ತ ಎಂದರು. ಪಂಪಿನ ಬುಡದಲ್ಲಿ ತಾವೇ ನಿಂಬೆಹಣ್ಣು ಕೊಯ್ದಿಟ್ಟು, ಕುಂಕುಮ ಚೆಲ್ಲಿ, ಅದರದೇ ಚಿತ್ರ ತೆಗೆದು ಊರೂರಿಗೆ ಕಳಿಸಿದರು. ದಿನ್ನಿ ಹತ್ತಿದ ಲಾರಿಯವರು ಬಂಕಿನ ಮುಂದೆ ಬಂದಾಗ ಒಮ್ಮೆ ಬ್ರೇಕಿನ ಗಾಳಿ ಬಿಟ್ಟು ‘ಪುಸ್ಸ್’ ಎನ್ನಿಸಿ ಮುಂದೆ ಹೋಗುವುದು ಇಲ್ಲಿಯ ಹಳೆಯ ವಾಡಿಕೆ. ಅದನ್ನು ಬಂಡೆಯ ಮರೆಯಿಂದ ಮುದ್ರಿಸಿಕೊಂಡು ದೆವ್ವದ ಉಸಿರು ಎಂದು ಹಬ್ಬಿಸಿದರು. ಫಲಕ ಬರೆಸಿದವರು ಆ ವೀಡಿಯೊ ನೋಡಿದವರೇ ಇರಬೇಕು.

ಗದುಗಿನ ಸಹನಾ ಕೊಣ್ಣೂರ ಎಂಬ ಹುಡುಗಿಯೂ ಅಂಥದೇ ವೀಡಿಯೊ ನೋಡಿ ಬಂದವಳು. ಹಳೆಯ ರಸ್ತೆಗಳ ಬದಿಯಲ್ಲಿ ಉಳಿದ ಸುಂಕದ ಕಟ್ಟೆ, ಬಸ್ಸಿನ ತಂಗುದಾಣ, ಬಂಕು, ಗ್ಯಾರೇಜುಗಳ ಚಿತ್ರ ತೆಗೆಯುವುದು ಅವಳ ಹುಚ್ಚು. ಅವಳು ನಿಂಬೆಹಣ್ಣು ತರಲಿಲ್ಲ, ಕ್ಯಾಮೆರಾ ತಂದಳು. ಮಧ್ಯಾಹ್ನದ ಬಿಸಿಲಿನಲ್ಲಿ ಚಾವಣಿಯ ಅಡಿ ಮಲಗಿ, ಇಳಿಜಾರಿನ ಕೆಳಗೆ ತೆವಳಿ, ತುಕ್ಕು ಹಿಡಿದ ಪಂಪಿನ ಮುಖವನ್ನು ಮದುಮಗಳ ಮುಖದ ಹಾಗೆ ಎಲ್ಲ ಕಡೆಯಿಂದ ತೆಗೆದಳು. ನೆರಳಿನಲ್ಲಿ ಹಳೆಯ ಟೈರಿನ ಮೇಲೆ ಕೂತಿದ್ದ ಮುದುಕ ಬಹಳ ಹೊತ್ತು ಅವಳನ್ನು ನೋಡುತ್ತಲೇ ಇದ್ದ. ಆಮೇಲೆ ಕೇಳಿದ:

“ದೆವ್ವ ನೋಡಾಕ ಬಂದೀಯೇನವಾ? ಅದು ಉಣ್ಣಾಕ ಹೋಗೇತಿ. ಕುಂದ್ರು, ಬರತೈತಿ.”

ಅವನ ಹೆಸರು ಮುದುಕಪ್ಪ. ಮಗುವಾಗಿದ್ದಾಗಲೇ ಇಟ್ಟ ಹೆಸರು. ಈಗ ಹೆಸರಿಗೆ ತಕ್ಕ ವಯಸ್ಸಾಗಿದೆ. ಕಲ್ಲಗನೂರಿನವನು. ದಿನವೂ ಬಂದು ಚಾವಣಿಯ ಅಡಿ ಕಸ ಗುಡಿಸಿ, ಹುಡುಗರು ಇಟ್ಟುಹೋದ ನಿಂಬೆಹಣ್ಣನ್ನು ಆರಿಸಿ ಮನೆಗೆ ಒಯ್ದು ಉಪ್ಪಿನಕಾಯಿ ಹಾಕಿಸುತ್ತಾನೆ. ದಿನ್ನಿಯ ಹೆಸರಿನ ಕಥೆಯನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಈಗ ಯಾರೂ ಉಳಿದಿಲ್ಲ. ಅವನು ಹೇಳಿದ್ದನ್ನೂ ಸುತ್ತಲಿನ ಊರುಗಳಲ್ಲಿ ಹೇಳುವುದನ್ನೂ ಕೂಡಿಸಿದರೆ ಕಥೆ ಹೀಗಿದೆ.

ಹಿಂದೆ ಒಮ್ಮೆ, ಈ ರಸ್ತೆಯ ಡಾಂಬರು ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಕಲ್ಲಗನೂರಿನಲ್ಲಿ ಯಂಕವ್ವ ಎಂಬ ಹೆಂಗಸಿದ್ದಳು. ಕಲ್ಲೊಡ್ಡರ ಮನೆಯವಳು, ತಂದೆ ಸೀಮೆಗೆಲ್ಲ ಬಾವಿ ತೋಡಿಕೊಟ್ಟವನು, ಅವಳು ಇದೇ ರಸ್ತೆಗೆ ಜಲ್ಲಿ ಒಡೆದವಳು. ಅವಳಿಗೆ ಮೂರ್ಛೆರೋಗವಿತ್ತು. ಕೆಲಸ ಮಾಡುತ್ತಿದ್ದಂತೆ ಮೂಗಿಗೆ ಸುಟ್ಟ ಎಳ್ಳಿನ ವಾಸನೆ ಬರುತ್ತಿತ್ತು, ಎಡಗೈಯ ಹೆಬ್ಬೆರಳು ತಾನಾಗಿ ಅದುರುತ್ತಿತ್ತು, ಆಮೇಲೆ ಅವಳು ನೆಲದ ಮೇಲಿರುತ್ತಿದ್ದಳು. ಅದು ರೋಗ. ಊರು ಅದನ್ನು ಗಾಳಿ ಎಂದಿತು. ಗಾಳಿ ಬಡಿದವಳ ಕೈಯಿಂದ ಗಂಡ ನೀರು ಕುಡಿಯುವುದು ಬಿಟ್ಟ, ಆಮೇಲೆ ಮನೆಯನ್ನೇ ಬಿಟ್ಟು ಹೋದ. ದುರುಗಮ್ಮನ ಗುಡಿಯ ಪೂಜಾರಿ ದುರುಗಪ್ಪ ಅವಳನ್ನು ಕಂಬಕ್ಕೆ ಕಟ್ಟಿಸಿ, ಮೆಣಸಿನಕಾಯಿ ಹೊಗೆ ಹಾಕಿ, ಬೇವಿನ ಕಡ್ಡಿಗಳ ಬರಲಿನಿಂದ ಹೊಡೆದು, ಒಳಗಿನ ದೆವ್ವಕ್ಕೆ ‘ಬಿಡು, ಗಾಳಿ, ಬಿಡು’ ಎಂದು ಕೂಗುತ್ತಿದ್ದ. ಮೂರ್ಛೆ ತಿಳಿದು ಎದ್ದಾಗಲೆಲ್ಲ ಯಂಕವ್ವನ ಕಿವಿಗೆ ಮೊದಲು ಬೀಳುತ್ತಿದ್ದದ್ದು ಅದೇ ಕೂಗು. ತನ್ನನ್ನು ಹೆಸರು ಹಿಡಿದು ಕರೆದು ಎಬ್ಬಿಸಿದವರು ಒಬ್ಬರೂ ಇರಲಿಲ್ಲ ಎಂದು ಅವಳು ಬಹಳ ವರ್ಷದ ಮೇಲೆ ಹೇಳಿಕೊಂಡಿದ್ದಳಂತೆ. ಪೆಟ್ಟಿಗಿಂತ ಅವಳಿಗೆ ನಾಟಿದ್ದು ಆ ಕೂಗು. ಸತ್ತರೂ ತನ್ನನ್ನು ದೆವ್ವ ಎಂದೇ ನೆನೆಯುತ್ತಾರಲ್ಲ ಎಂಬುದೊಂದೇ ಅವಳ ಹೆದರಿಕೆಯಾಗಿತ್ತು. ಒಂದು ಮುಂಜಾನೆ ಕಟ್ಟಿದ ಹಗ್ಗವನ್ನು ಹಲ್ಲಿನಿಂದ ಬಿಚ್ಚಿಕೊಂಡು, ತಾನೇ ಕಲ್ಲು ಹಾಸಿದ ರಸ್ತೆಯ ಮೇಲೆ ನಡೆದು ದಿನ್ನಿ ಹತ್ತಿದಳು.

ದಿನ್ನಿಯ ಮೇಲೆ ಆಗ ಮುದೇನಕೊಪ್ಪದ ಕೊಟ್ರಗೌಡರು ಈ ಬಂಕು ಕಟ್ಟಿಸಿದ್ದರು. ಗೌಡರಿಗೆ ಮೋಟಾರೆಂದರೆ ಪ್ರಾಣ. ಪರಸ್ಥಳದಲ್ಲಿ ಕಂಡ ಬಂಕಿನ ಚಿತ್ರವನ್ನು ಕೈಯಲ್ಲೇ ಬರೆದುಕೊಂಡು ಬಂದು ಊರ ಗೌಂಡಿಗಳ ಕೈಯಲ್ಲಿ ಆ ರೆಕ್ಕೆಯ ಚಾವಣಿಯನ್ನು ಹೊಯ್ಯಿಸಿದರು. ಬಂಕಿನ ಮೇಸ್ತ್ರಿ ದಸ್ತಗೀರಸಾಬ ಎಂಬ ಮೆಕ್ಯಾನಿಕ್. ಅಲ್ಲಿ ಎಲ್ಲ ಕೆಲಸಕ್ಕೂ ಆಳು ಸಿಗುತ್ತಿದ್ದರು, ಗಾಳಿ ಹಾಕುವುದಕ್ಕೆ ಮಾತ್ರ ಸಿಗುತ್ತಿರಲಿಲ್ಲ. ಕರೆಂಟು ಬಾರದ ಕಾಲ. ಹಲಗೆಯ ಮೇಲೆ ಕೂರಿಸಿದ ಎರಡು ಹಿತ್ತಾಳೆ ಕೊಳವೆ, ಮೇಲೆ ಏತದ ಹಾಗೆ ಆಚೆಗೊಂದು ಈಚೆಗೊಂದು ಹಿಡಿಕೆ. ಇಬ್ಬರು ನಿಂತು ಒಬ್ಬರಾದ ಮೇಲೊಬ್ಬರು ಒತ್ತಬೇಕು. ಲಾರಿಯ ಒಂದು ಚಕ್ರ ತುಂಬುವಷ್ಟರಲ್ಲಿ ಗಟ್ಟಿ ಗಂಡಸಿಗೂ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಯಂಕವ್ವ ಒಬ್ಬಳೇ ನಿಂತು ಒತ್ತಿದಳು. ಜಲ್ಲಿ ಒಡೆದ ತೋಳು ಅದು. ಮೂರ್ಛೆಯ ಸಂಗತಿಯನ್ನು ಮೊದಲೇ ಹೇಳಿದಾಗ ದಸ್ತಗೀರಸಾಬ, ತನ್ನ ಪಂಪಿಗೂ ಆಗಾಗ ಹಾಗೇ ಆಗುತ್ತದೆ, ತುಸು ಹೊತ್ತು ಬಿಟ್ಟರೆ ಸರಿಹೋಗುತ್ತದೆ ಎಂದನಂತೆ. ಅವಳಿಗೆ ಮೂರ್ಛೆ ಬಂದಾಗ ಮಗ್ಗುಲಿಗೆ ತಿರುಗಿಸಿ, ತಲೆಯಡಿ ಟ್ಯೂಬು ಇಟ್ಟು, ತಿಳಿಯುವ ತನಕ ತನ್ನ ಪಾಡಿಗೆ ಸ್ಪ್ಯಾನರ್ ತಿರುವುತ್ತ ಕೂರುತ್ತಿದ್ದ. ಮನುಷ್ಯತ್ವಕ್ಕೆ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ. ಇಷ್ಟನ್ನೂ ಊರು ಕೊಟ್ಟಿರಲಿಲ್ಲ.

ಊರಿನ ಬಾಯಿ ದಿನ್ನಿಯ ತನಕ ಬಂತು. ಗಾಳಿ ಬಡಿದವಳ ಕೈಯಲ್ಲಿ ಗಾಳಿ ಹಾಕಿಸಿಕೊಂಡರೆ ಟೈರಿಗೂ ದೆವ್ವ ಹತ್ತುತ್ತದೆ ಎಂದು ಕಲ್ಲಗನೂರಿನ ಗಾಡಿಯವರು ಲಾರಿ ಚಾಲಕರ ಕಿವಿ ಕಚ್ಚಿದರು. ಒಬ್ಬ ಚಾಲಕ ಅದನ್ನು ಅವಳ ಮುಖಕ್ಕೇ ಹೇಳಿ ನಕ್ಕ. ಯಂಕವ್ವ ಹಿಡಿಕೆ ಬಿಡದೆ ಹೇಳಿದಳು: “ಹತ್ತಲಿ ಬಿಡಪಾ. ದೆವ್ವ ಹತ್ತಿದ್ದು ಕುಂದ್ರೂದಿಲ್ಲ, ಓಡತೈತಿ. ನಿನಗ ಬೇಕಾದ್ದು ಅದ ಅಲ್ಲೇನು?” ಆ ಮಾತು ಅವನಿಗಿಂತ ಮುಂಚೆ ಗಂಗಾವತಿ ಮುಟ್ಟಿತು ಎನ್ನುತ್ತಾರೆ. ಆಮೇಲೆ ಚಾಲಕರು ಚಕ್ರ ಗಟ್ಟಿಯಿದ್ದರೂ ನಿಲ್ಲಿಸತೊಡಗಿದರು. ಆದರೂ ಹೆಸರು ಹೋಗಲಿಲ್ಲ. ರಸ್ತೆಯವರ ಬಾಯಲ್ಲಿ ಅದು ನಗೆಯಾಗಿತ್ತು, ಊರವರ ಬಾಯಲ್ಲಿ ಬೈಗುಳವಾಗಿತ್ತು, ಎರಡರಲ್ಲೂ ದೆವ್ವ ಇದ್ದೇ ಇತ್ತು.

ಅಂಥ ದಿನಗಳಲ್ಲಿ ಒಂದು ಬೇಸಿಗೆ ಕಲ್ಲಗನೂರಿನವರು ಊರ ಮುಂದಿನ ಹಾಳುಬಾವಿಯ ಹೂಳು ತೆಗೆಯಲು ಹೊರಟರು. ಎಷ್ಟೋ ಕಾಲ ಮುಚ್ಚಿಹಾಕಿದ್ದ ಬಾವಿ. ಮೊದಲು ಇಳಿದವನು ದುರುಗಪ್ಪ ಪೂಜಾರಿಯ ಮಗ, ಹರೆಯದ ಹುಡುಗ. ಅವನೇ ಈ ಮುದುಕಪ್ಪ. ತಳ ಮುಟ್ಟಿದವನು ಒಮ್ಮೆ ಮೇಲೆ ನೋಡಿದ, ಬಾಯಿ ತೆರೆದ, ಮಾತು ಬರಲಿಲ್ಲ, ಕುಸಿದ. ಎತ್ತಲು ಇಳಿದವನು ಅರ್ಧ ದಾರಿಯಲ್ಲೇ ಯಾರೋ ಕುತ್ತಿಗೆ ಹಿಸುಕಿದರೆಂದು ಮೇಲೆ ಬಂದು ಬಿದ್ದ. ಕಂದೀಲು ಕಟ್ಟಿ ಇಳಿಬಿಟ್ಟರೆ ನಡುವಿನಲ್ಲೇ ಆರಿಹೋಯಿತು. ಇನ್ನೇನು ಬೇಕು? ಬಾವಿಯಲ್ಲಿ ಗಾಳಿ ಇದೆ ಎಂದು ಊರೇ ತೀರ್ಮಾನಿಸಿತು. ದುರುಗಪ್ಪ ಮಗನ ಜೀವಕ್ಕಾಗಿ ಬಾವಿಯೊಳಗೆ ನಿಂಬೆಹಣ್ಣು ಎಸೆಯುತ್ತ, ಬೇವು ಬೀಸುತ್ತ, ಗಂಟಲು ಹರಿಯುವ ಹಾಗೆ ಕೂಗುತ್ತ ನಿಂತ. ಆಸ್ಪತ್ರೆಗೆ ಒಯ್ಯಲು ಲಾರಿ ಬೇಕಾದೀತು ಎಂದು ಯಾರೋ ಒಬ್ಬ ಸೈಕಲ್ ತುಳಿದು ಬಂಕಿಗೆ ಬಂದು, ಏದುಸಿರಿನಲ್ಲಿ ಬಾವಿಯಲ್ಲಿ ಗಾಳಿ ಇದೆ, ಹುಡುಗನನ್ನು ಹಿಡಿದಿದೆ, ಇಳಿಬಿಟ್ಟ ಕಂದೀಲನ್ನೂ ಆರಿಸಿದೆ ಎಂದ. ಯಂಕವ್ವ ಕಂದೀಲಿನ ಸಂಗತಿ ಕೇಳಿದವಳೇ ಪಂಪಿನ ಹಲಗೆಗೆ ಕೈ ಹಾಕಿದಳು. ಅವಳ ತಂದೆ ಬಾವಿಗಳಲ್ಲಿ ಬದುಕಿದವನು.

“ಗಾಳಿ ಐತಿ ಅಂತಲ್ಲೋ ತಮ್ಮಾ,” ಎಂದಳು. “ಅಲ್ಲಿ ಗಾಳಿ ಇಲ್ಲ.”

ಪಂಪು, ಬಂಕಿನಲ್ಲಿದ್ದ ರಬ್ಬರ್ ಕೊಳವೆಯ ತುಂಡುಗಳು, ದಸ್ತಗೀರಸಾಬ, ಯಂಕವ್ವ ಎಲ್ಲ ಒಂದೇ ಲಾರಿಯಲ್ಲಿ ಬಾವಿಯ ಹತ್ತಿರ ಇಳಿದರು. ಕೊಳವೆಗಳನ್ನು ಒಂದಕ್ಕೊಂದು ಕೂಡಿಸಿ ಟ್ಯೂಬಿನ ಪಟ್ಟಿ ಬಿಗಿದು ಉದ್ದ ಮಾಡಿದ್ದರು. ಅದರ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ದಸ್ತಗೀರಸಾಬ ಇಳಿಯುವುದು, ಮೇಲಿಂದ ಗಾಳಿ ಒತ್ತುತ್ತ ಇರುವುದು, ಇಷ್ಟೇ ಉಪಾಯ. ಜನ ಅವಳನ್ನು ಕಂಡು ಹಿಂದೆ ಸರಿದರು. ದುರುಗಪ್ಪ ಮಾತ್ರ ಬೇವಿನ ಬರಲು ಹಿಡಿದು ಅಡ್ಡ ನಿಂತ. ಒಂದು ಗಾಳಿ ಒಳಗಿದೆ, ಇನ್ನೊಂದನ್ನು ಕರೆತರಬೇಡಿ ಎಂದ. ಯಂಕವ್ವ ಪಂಪನ್ನು ಇಳಿಸುತ್ತಲೇ, ದನಿ ಏರಿಸದೆ ಹೇಳಿದಳು: “ದುರುಗಪ್ಪಾ, ನನ್ನ ಮೈಯಾಗ ಗಾಳಿ ಐತಿ ಅಂತ ನೀನ ಹೇಳಿದ್ದಿ. ಅದನ್ನ ನಿನ್ನ ಮಗನಿಗೆ ಕೊಡಾಕ ಬಂದೀನಿ. ಬ್ಯಾಡಂದ್ರ ಈಗ ಹೇಳು, ತಿರುಗಿ ಒಯ್ತೀನಿ.” ದುರುಗಪ್ಪ ಪಕ್ಕಕ್ಕೆ ಸರಿದ. ಬೇವಿನ ಬರಲು ಕೆಳಗಾಯಿತು.

ದಸ್ತಗೀರಸಾಬ ಹಗ್ಗ ಕಟ್ಟಿಕೊಂಡು ಇಳಿದ. ಯಂಕವ್ವ ಒತ್ತತೊಡಗಿದಳು. ಆಚೆಯ ಹಿಡಿಕೆ ಖಾಲಿ ಇತ್ತು. ಸುತ್ತ ಊರೇ ನೆರೆದಿದ್ದರೂ ಅವಳು ಮುಟ್ಟಿದ ಪಂಪನ್ನು ಮುಟ್ಟಲು ಒಬ್ಬನೂ ಮುಂದೆ ಬರಲಿಲ್ಲ. ಕೊಳವೆ ಕೆಳಗೆ ಕೆಳಗೆ ಹೋಯಿತು. ಅವಳಿಗೆ ಬೆವರಿನ ಹನಿ ಕಣ್ಣಿಗೆ ಇಳಿಯುವುದು ತಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಒಂದು ಒತ್ತು ತಪ್ಪಿದರೆ ಕೆಳಗಿನವನಿಗೆ ಒಂದು ಉಸಿರು ತಪ್ಪುತ್ತದೆ. ದಸ್ತಗೀರಸಾಬ ತಳ ಮುಟ್ಟಿದ ಹೊತ್ತಿಗೆ ಅವಳ ಮೂಗಿಗೆ ಸುಟ್ಟ ಎಳ್ಳಿನ ವಾಸನೆ ಬಂತು. ಅವಳು ಹೆಬ್ಬೆರಳನ್ನು ನೋಡಿಕೊಂಡಳು. ಅದುರುತ್ತಿತ್ತು. ಇಷ್ಟು ದಿನ ನೆಲಕ್ಕೆ ಬಿದ್ದರೆ ಬೀಳುತ್ತಿದ್ದವಳು ಅವಳೊಬ್ಬಳೇ. ಈಗ ಕೆಳಗೆ ಇಬ್ಬರಿದ್ದರು, ಅವರಲ್ಲಿ ಒಬ್ಬ ಅವಳ ತಲೆಯಡಿ ಟ್ಯೂಬು ಇಟ್ಟವನು. ಅವಳು ಎದುರಿಗೆ ನಿಂತ ದುರುಗಪ್ಪನ ಮುಖ ನೋಡಿ ಖಾಲಿ ಹಿಡಿಕೆಯತ್ತ ಗದ್ದ ಎತ್ತಿದಳು.

ದುರುಗಪ್ಪ ಬಂದು ಹಿಡಿದ. ಮೊದಲ ಒತ್ತಿಗೆ ತಾಳ ತಪ್ಪಿದ, ಎರಡನೆಯದಕ್ಕೆ ಕೂಡಿಕೊಂಡ. ಅಷ್ಟು ವರ್ಷ ಅವಳನ್ನು ಹೊಡೆಯುವಾಗ ಕೂಗಿದ ಮಾತು ಬಿಟ್ಟರೆ ಅವನ ನಾಲಗೆಗೆ ಬೇರೆ ಮಾತು ಬರಲಿಲ್ಲ. “ಗಾಳಿ ಬಿಡು,” ಎಂದ. ಮತ್ತೆ ಒತ್ತಿ, ಮತ್ತೆ ಹೇಳಿದ. ಆಮೇಲೆ ಅದೇ ಮಾತಿನ ಬಾಲಕ್ಕೆ ಇನ್ನೊಂದು ಸೇರಿಕೊಂಡಿತು: “ಗಾಳಿ ಬಿಡವ್ವಾ.” ಭಾರ ಎಳೆಯುವವರು ತಾಳ ಹಾಕುವ ಹಾಗೆ ಹತ್ತಿರ ನಿಂತವರೂ ಹೇಳತೊಡಗಿದರು. ಯಂಕವ್ವನ ಕೈ ಸಡಿಲವಾದದ್ದು ಆಗ. ಅವಳು ಪಂಪಿನ ಬುಡದಲ್ಲೇ ಬಿದ್ದಳು. ಅವಳ ಹಿಡಿಕೆ ನೆಲ ಮುಟ್ಟುವ ಮೊದಲೇ ಇನ್ನೊಂದು ಕೈ, ಅದು ಸೋತಾಗ ಮತ್ತೊಂದು ಕೈ ಅದನ್ನು ಹಿಡಿಯಿತು. ಗಾಳಿ ನಿಲ್ಲಲಿಲ್ಲ.

ಬಾವಿಯ ತಳದಲ್ಲಿ ದಸ್ತಗೀರಸಾಬ ತಾನೊಂದು ಉಸಿರು ಎಳೆದುಕೊಂಡು, ಕೊಳವೆಯನ್ನು ಹುಡುಗನ ಬಾಯಿಗೆ ಇಟ್ಟು, ಮತ್ತೆ ತಾನು ಎಳೆದುಕೊಂಡು, ಹೀಗೆ ಹಂಚಿಕೊಳ್ಳುತ್ತ ಅವನನ್ನು ಹಗ್ಗಕ್ಕೆ ಕಟ್ಟಿದ. ಮೇಲೆ ಹೆಂಗಸರು ಯಂಕವ್ವನ ಸುತ್ತ ಕೂತು ಸೆರಗಿನಿಂದ ಗಾಳಿ ಬೀಸುತ್ತಿದ್ದರು. ಬೇವು ತರಲು ಯಾರೂ ಹೇಳಲಿಲ್ಲ. ಅವಳಿಗೆ ತಿಳಿಯುವ ಹೊತ್ತಿಗೆ ಹುಡುಗನನ್ನು ದಡದ ಮೇಲೆ ಮಲಗಿಸಿದ್ದರು, ಅವನು ಕೆಮ್ಮುತ್ತಿದ್ದ, ಆದರೂ ಜನ ಕೂಗುವುದನ್ನು ನಿಲ್ಲಿಸಿರಲಿಲ್ಲ. ಇನ್ನೂ ಏಳದ ಅವಳನ್ನು ಈಗ ಕರೆಯುತ್ತಿದ್ದರು. ಗಾಳಿ ಅವ್ವಾ, ಗಾಳಿ ಅವ್ವಾ ಎಂದು ನೂರು ಬಾಯಿ ಅವಸರದಲ್ಲಿ ಹೇಳಿದರೆ ಅದು ಗಾಳೆವ್ವಾ ಎಂದೇ ಕೇಳುತ್ತದೆ. ಮೂರ್ಛೆ ತಿಳಿದು ಕಣ್ಣು ಬಿಟ್ಟ ಯಂಕವ್ವನ ಕಿವಿಗೆ ಬಾಳಿನಲ್ಲಿ ಮೊದಲ ಸಲ ಬಿದ್ದ ಕರೆ ಅದು. ಆ ದಿನದಿಂದ ಅವಳು ಬೇರೆ ಯಾವ ಹೆಸರಿಗೂ ಓಗೊಡಲಿಲ್ಲ ಎನ್ನುತ್ತಾರೆ.

ಊರಿಗೆ ವಾಪಸು ಬಾ, ಮನೆ ಕಟ್ಟಿಕೊಡುತ್ತೇವೆ ಎಂದು ದುರುಗಪ್ಪನೇ ಕರೆದನಂತೆ. ಊರಲ್ಲಿ ಗಾಳಿ ಕಡಿಮೆ ಎಂದು ಅವಳು ನಕ್ಕು ದಿನ್ನಿಗೆ ಹೋದಳು. ಬಂಕಿನಲ್ಲಿ ಪೆಟ್ರೋಲು ಇಲ್ಲದ ದಿನಗಳಿದ್ದವು, ಗಾಳಿ ಇಲ್ಲದ ದಿನವಿರಲಿಲ್ಲ. ಸೈಕಲ್ಲಿನವನಿಗೂ ಲಾರಿಯವನಿಗೂ ಒಂದೇ ಸಾಲು. ಗಾಳಿ ಮಾರುವುದಕ್ಕೆ ಅದು ಕೊಟ್ರಗೌಡರ ಅಪ್ಪಂದಲ್ಲ ಎಂದು ಅವಳು ಗೌಡರೆದುರಿಗೇ ಹೇಳಿದಾಗ, ಗೌಡರು ನಕ್ಕು ಹಿಂದಿನ ಗೋಡೆಯ ಮೇಲೆ ಅದನ್ನು ದೊಡ್ಡದಾಗಿ ಬರೆಸಿದರು. ಅವಳು ತೀರಿಕೊಂಡ ದಿನ ರಸ್ತೆಯ ಎರಡೂ ದಿಕ್ಕಿನ ಲಾರಿಗಳು ದಿನ್ನಿಯ ಮೇಲೆ ನಿಂತು ಚಕ್ರದ ಬಿರಡೆ ಒತ್ತಿ, ಅವಳು ತುಂಬಿದ ಗಾಳಿಯಲ್ಲಿ ಒಂದಿಷ್ಟನ್ನು ಅವಳಿಗೇ ಬಿಟ್ಟುಕೊಟ್ಟವು. ಇಂದಿನ ಲಾರಿಯವರು ಬ್ರೇಕಿನಿಂದ ಬಿಡುವ ‘ಪುಸ್ಸ್’ ಅದರದೇ ಮುಂದುವರಿಕೆ. ಎಷ್ಟೋ ಚಾಲಕರಿಗೆ ಕಾರಣ ಗೊತ್ತಿಲ್ಲ. ತಮಗಿಂತ ಹಿರಿಯರು ಬಿಡುತ್ತಿದ್ದರು, ಇವರೂ ಬಿಡುತ್ತಾರೆ.

ಮುದುಕಪ್ಪ ಇಷ್ಟು ಹೇಳಿ ಮುಗಿಸುವಾಗ ಹೊತ್ತು ಇಳಿದಿತ್ತು. ಸಹನಾ ಮತ್ತೆ ಹಿಂದಿನ ಗೋಡೆಯ ಎದುರು ನಿಂತಳು. ಬಿಸಿಲು ಈಗ ಗೋಡೆಯನ್ನು ಓರೆಯಾಗಿ ಸವರುತ್ತಿತ್ತು. ಖಾಲಿ ಎಂದುಕೊಂಡಿದ್ದ ಕಡೆ, ಬಣ್ಣ ಉದುರಿಹೋದರೂ ಅದರ ದಪ್ಪ ಅಂಚು ಸುಣ್ಣದಲ್ಲಿ ಉಬ್ಬಿ ಉಳಿದು, ಪ್ರತಿ ಉಬ್ಬಿನ ಪಕ್ಕ ಒಂದು ಎಳೆ ನೆರಳು ಬಿದ್ದು, ಅಕ್ಷರಗಳು ಒಂದೊಂದೇ ಎದ್ದು ಬಂದವು. ಗಾಳಿ ಪುಕ್ಕಟೆ. ಅವಳು ಚಿತ್ರ ತೆಗೆದು ಮುದುಕಪ್ಪನಿಗೆ ತೋರಿಸಿದಳು. ಅವನಿಗೆ ಓದು ಬಾರದು. ಏನು ಬರೆದಿದೆ ಎಂದು ಅವನಿಗೆ ಮೊದಲಿಂದ ಗೊತ್ತಿತ್ತು. ಅದು ಬಿಡು, ಆ ಹಸಿರು ಫಲಕದಲ್ಲಿ ಏನು ಬರೆದಾರ ಅದನ್ನ ಓದು ಎಂದ. ಅವಳು ಓದಲಿಲ್ಲ. ಕೆಳಗಿನಿಂದ ಒಂದು ಕಲ್ಲಿನ ಲಾರಿ ಏರು ಹತ್ತಿ ಬಂದು, ಬಂಕಿನ ಮುಂದೆ ಪುಸ್ಸ್ ಎಂದು ಮುಂದೆ ಹೋಯಿತು.

ಸಹನಾಳ ಚಿತ್ರದಲ್ಲಿರುವುದನ್ನು ಸಂಜೆಯ ಬಿಸಿಲಿನಲ್ಲಿ ಹೋದ ಯಾರಾದರೂ ಇಂದಿಗೂ ಬರಿಗಣ್ಣಿನಿಂದ ನೋಡಬಹುದು. ರೆಕ್ಕೆಯ ಚಾವಣಿ ಇದೆ, ಇಳಿಜಾರು ಇದೆ, ಕೋಣೆಯ ಮೂಲೆಯಲ್ಲಿ ಹಿತ್ತಾಳೆ ಕೊಳವೆಯ ಪಂಪೂ ಇದೆ. ಅದರ ಎರಡೂ ಹಿಡಿಕೆ ಕೈಯಾಡಿ ಸವೆದಿವೆ. ಕೆಲವರು ಅದರ ಮುಂದೆ ಕಾಯಿ ಒಡೆಯುತ್ತಾರೆ, ಒಡೆಯಲಿ. ಆದರೆ ಮೂರ್ಛೆ ಬರುವ ಮಗುವನ್ನು ಯಾರೂ ಅಲ್ಲಿಗೆ ಎತ್ತಿಕೊಂಡು ಹೋಗಬಾರದು, ಆಸ್ಪತ್ರೆಗೆ ಹೋಗಬೇಕು. ಗಾಳೆವ್ವ ಇದ್ದಿದ್ದರೆ ತಾನೇ ಲಾರಿ ಹತ್ತಿಸಿ ಕಳಿಸುತ್ತಿದ್ದಳು. ಇಡೀ ಊರು ಒಂದು ಹಾಳುಬಾವಿಯ ದಡದಲ್ಲಿ ಗಂಟಲು ಒಣಗಿಸಿಕೊಂಡು ತಿದ್ದಿಕೊಂಡ ಹೆಸರನ್ನು ಒಂದು ತಗಡಿನ ಫಲಕ ಕಿತ್ತುಕೊಂಡಿದೆ, ಮುದುಕಪ್ಪ ಇನ್ನೂ ಉಸಿರಾಡುತ್ತಿರುವಾಗಲೇ. ಅವನು ಸಾಯುವುದರೊಳಗೆ ಅದು ಸರಿಯಾಗಬೇಕು. ಆ ಬಂಕಿನ ಚಿತ್ರ ನಿಮ್ಮ ಮೊಬೈಲಿನಲ್ಲಿ ಇದ್ದರೆ ಈಗಲೇ ತೆರೆಯಿರಿ, ಅದರ ಕೆಳಗಿನ ಹೆಸರು ತಿದ್ದಿ, ತಪ್ಪಾಗಿ ಯಾರಿಗೆ ಕಳಿಸಿದ್ದಿರೋ ಅವರಿಗೇ ಮತ್ತೆ ಕಳಿಸಿ. ನಾಳೆ ಬೆಳಿಗ್ಗೆ ನಾಲ್ಕು ಜನ ಕೂಡಿಕೊಂಡು ರಸ್ತೆ ಕಚೇರಿಗೆ ಹೋಗಿ, ಫಲಕ ಬದಲಿಸುವ ಮಾತು ಬರುವ ತನಕ ಬಾಗಿಲಲ್ಲಿ ಕೂರಿ. ಅಲ್ಲಿ ಯಾರಾದರೂ ಒಂದು ಅಕ್ಷರಕ್ಕೆ ಇಷ್ಟು ಗಲಾಟೆಯೇ ಎಂದರೆ, ಅವರ ಕೈಗೇ ಕುಂಚ ಕೊಡಿ. ದೆವ್ವ ಅಳಿಸಿ, ಅವ್ವ ಎಂದು ಬರೆಸಿಕೊಂಡು ಬನ್ನಿ.